ಸಕ್ಕರೆ ಆನೆಗೆ ಮೆಣಸಿನಕಾಯಿ ಬಣ್ಣ

ನಮ್ಮ ಅಕ್ಕನ ಮನೆಯಲ್ಲಿ ಹಬ್ಬಗಳು ಪಂಚಾಂಗದ ಪ್ರಕಾರ ಬರುವುದಿಲ್ಲ, ರಾಣೆಬೆನ್ನೂರು ಪೇಟೆಯ ಧಾರಣೆಯ ಪ್ರಕಾರ ಬರುತ್ತವೆ ಎಂದರೆ ಓದುಗರು ಅತಿಶಯೋಕ್ತಿ ಎಂದುಕೊಂಡಾರು. ವೃತ್ತಿಯಿಂದ ನಾನು ಅತಿಶಯೋಕ್ತಿಗೆ ಒಗ್ಗದವನು. ಹಳೆಯ ಶಾಸನಗಳ ತಿಥಿಯನ್ನು ವಾರದೊಂದಿಗೆ ತಾಳೆ ನೋಡುತ್ತಲೇ ಸೇವೆ ಮುಗಿಸಿ, ಈಗ ಹಾವೇರಿಯಲ್ಲಿ ನೆಲೆಸಿದವನು. ಶಾಸನ ಸೋಮವಾರ ಎಂದು ಹೇಳಿ, ಗಣಿತ ಮಂಗಳವಾರ ಎಂದು ತೋರಿಸಿದರೆ ಆ ಶಾಸನವನ್ನು ಅನುಮಾನದ ಪಟ್ಟಿಗೆ ಸೇರಿಸುವುದು ನಮ್ಮ ಪದ್ಧತಿ. ಅದೇ ಅಳತೆಗೋಲನ್ನು ಹಿಡಿದರೆ, ಅಕ್ಕನ ಮನೆಯಲ್ಲಿ ನಾನು ಈವರೆಗೆ ಉಂಡ ಹೋಳಿಗೆಗಳಲ್ಲಿ ಅರ್ಧಕ್ಕರ್ಧ ಖೋಟಾ!

ಆಯುಧಪೂಜೆಯ ಖಂಡೇನವಮಿಯನ್ನೇ ನೋಡಿ. ಊರೆಲ್ಲ ಮುಂಜಾನೆಯೇ ಚೆಂಡುಹೂವಿಗೆ ಮುಗಿಬಿದ್ದಿರುವಾಗ ಅಕ್ಕ ನಿಶ್ಚಿಂತೆಯಿಂದ ರೊಟ್ಟಿ ತಟ್ಟುತ್ತಿರುತ್ತಾಳೆ. ಸಂಜೆ, ಉಳಿದ ಹೂವನ್ನು ಊರಿಗೆ ಹೊತ್ತುಕೊಂಡು ಹೋಗಲು ಬೇಸತ್ತು ವ್ಯಾಪಾರಿಗಳು ನಿಲ್ಲುತ್ತಾರಲ್ಲ, ಆ ಗಳಿಗೆಯೇ ಅವಳ ಮುಹೂರ್ತ. ಒಂದು ಮಾಲೆಯ ಬೆಲೆಗೆ ಒಂದು ಬುಟ್ಟಿ! ಭಾವನವರ ಸ್ಕೂಟರು ಮಾತ್ರ ಬೆಳಗಿನಿಂದ ಅಂಗಳದಲ್ಲಿ ಮಿಂದು ಪೂಜೆಗೆ ಕಾಯುತ್ತಿರುತ್ತದೆ. ಪೂಜೆಯಾಗದೆ ಅದನ್ನು ಹತ್ತುವಂತಿಲ್ಲವಾದ್ದರಿಂದ ಆ ದಿನದ ಪೆಟ್ರೋಲೂ ಉಳಿಯುತ್ತದೆ. ಒಂದು ವರ್ಷ ನಾನು ಪಂಚಾಂಗವನ್ನು ಮುಂದಿಟ್ಟು, ನವಮಿ ಮಧ್ಯಾಹ್ನವೇ ಮುಗಿದಿದೆ, ಈಗ ನಡೆಯುತ್ತಿರುವುದು ದಶಮಿ ಎಂದು ಸಾಧಾರವಾಗಿ ನಿರೂಪಿಸಿದೆ. ಅಕ್ಕ ಹೂವು ಏರಿಸುವುದನ್ನು ನಿಲ್ಲಿಸಲಿಲ್ಲ.

“ಸ್ಕೂಟರಿಗೆ ಗೊತ್ತಾಗೂದಿಲ್ಲ ತಮ್ಮಾ. ನೀ ಹೇಳಾಕ ಹೋಗಬ್ಯಾಡ.”

ದೀಪಾವಳಿಯ ಬಟ್ಟೆಯ ವಿಚಾರದಲ್ಲೂ ಅವಳದು ಏಕನಿಷ್ಠೆ. ಬಿಡಿಯಾಗಿ ಕೊಂಡರೆ ತುಟ್ಟಿ, ಇಡೀ ಥಾನು ಕೊಂಡರೆ ಅಗ್ಗ ಎಂಬುದು ಅವಳ ಸಿದ್ಧಾಂತ. ಆದ್ದರಿಂದ ವರ್ಷಕ್ಕೊಂದು ಥಾನು. ಅದರಲ್ಲಿ ಭಾವನವರ ಅಂಗಿ, ಇಬ್ಬರು ಮಕ್ಕಳ ಅಂಗಿ, ತಲೆದಿಂಬಿನ ಚೀಲ, ಕೊನೆಗೆ ಕಿಟಕಿಯ ಪರದೆ. ನೀಲಿ ಪಟ್ಟೆಯ ಥಾನು ಬಂದ ವರ್ಷ ಭಾವನವರು ಕಿಟಕಿಯ ಬಳಿ ನಿಂತರೆ ತಲೆಯೊಂದೇ ಕಾಣುತ್ತಿತ್ತು! ಆದರೆ ಸಂಶೋಧಕನಾದ ನಾನು ಇದನ್ನು ದೂರುವಂತಿಲ್ಲ. ಕುಟುಂಬದ ಹಳೆಯ ಭಾವಚಿತ್ರಗಳ ಕಾಲನಿರ್ಣಯಕ್ಕೆ ಇಷ್ಟು ವಿಶ್ವಾಸಾರ್ಹವಾದ ಆಕರ ಬೇರೊಂದಿಲ್ಲ. ನೀಲಿ ಪಟ್ಟೆಯ ಯುಗ, ಬೂದು ಚೌಕಳಿಯ ಯುಗ, ಹಸಿರು ಚುಕ್ಕೆಯ ಸಂಧಿಕಾಲ ಎಂದು ನಾನು ಕಣ್ಣುಮುಚ್ಚಿ ಹೇಳಬಲ್ಲೆ.

ಇವೆಲ್ಲವುಗಳ ಶಿಖರವೆಂದರೆ ಗೌರಿ ಹುಣ್ಣಿಮೆ. ದೀಪಾವಳಿಯ ನಂತರದ ಈ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆಯ ಪಾಕವನ್ನು ಮರದ ಅಚ್ಚಿಗೆ ಹೊಯ್ದು ಆನೆ, ಗುಡಿ, ಗಿಳಿಗಳನ್ನು ಮಾಡಿ, ಅವುಗಳಿಂದಲೇ ಗೌರಿಗೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆಯೊಂದಿಗೆ ಈ ಗೊಂಬೆಗಳನ್ನು ಒಯ್ಯುವುದೂ ರೂಢಿ. ಇತರರ ಮನೆಯಲ್ಲಿ ಹಬ್ಬವಾದ ಮೇಲೆ ಮಕ್ಕಳು ಗೊಂಬೆಗಳನ್ನು ತಿಂದು ಮುಗಿಸುತ್ತಾರೆ. ಅಕ್ಕನ ಮನೆಯಲ್ಲಿ ಅವು ಡಬ್ಬಿಯೊಳಗೆ ತಪಸ್ಸಿಗೆ ಕೂರುತ್ತವೆ. ಮರುವರ್ಷ ಕರಗಿಸಿ ಮತ್ತೆ ಅಚ್ಚಿಗೆ! ಈ ವರ್ಷದ ಗುಡಿ ಮುಂದಿನ ವರ್ಷದ ಒಂಟೆ. ಒಂಟೆ ಅದರ ಮುಂದಿನ ವರ್ಷದ ಬಸವ. ಪುನರ್ಜನ್ಮದ ಬಗ್ಗೆ ನನಗಿದ್ದ ಸಂದೇಹಗಳು ನಿವಾರಣೆಯಾದದ್ದು ಈ ಡಬ್ಬಿಯ ದೆಸೆಯಿಂದಲೇ.

ಈಗ ಹೇಳಹೊರಟಿರುವ ಹುಣ್ಣಿಮೆ ಯಾವ ವರ್ಷದ್ದೆಂಬುದರಲ್ಲಿ ಭಾವನವರಿಗೂ ನನಗೂ ಭಿನ್ನಾಭಿಪ್ರಾಯವಿದೆ. ನಾನು ಖಚಿತವಾಗಿ ಹೇಳಬಲ್ಲೆ: ಹೆಂಗಸರಿಗೆ ಬಸ್ಸಿನ ಪ್ರಯಾಣ ಪುಕ್ಕಟೆಯಾದ ಮೇಲೆ ಬಂದ ಮೊದಲ ಗೌರಿ ಹುಣ್ಣಿಮೆ ಅದು. ನನ್ನ ಟಿಕೆಟ್ಟನ್ನು ದಿನಚರಿಯ ಪುಟಕ್ಕೆ ಅಂಟಿಸಿಟ್ಟಿದ್ದೇನೆ.

ಅಕ್ಕನ ಕಿರಿಯ ಮಗ ಹಾವೇರಿಯಲ್ಲಿ ಶಾಲಾ ಶಿಕ್ಷಕ. ಅವನಿಗಾಗಿ ಬ್ಯಾಡಗಿಯಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದೆವು. ಅಂದು ಫೋಟೋ ತೆಗೆಯಲೆಂದು ಎಲ್ಲರೂ ಅಂಗಳಕ್ಕೆ ಹೊರಟಾಗ ಆ ಹುಡುಗಿ ಹಿಂದಿರುಗಿ ಹೋಗಿ, ಯಾರೂ ಇಲ್ಲದ ಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನನ್ನು ಆರಿಸಿದಳು. ಅಕ್ಕ ನನ್ನ ಪಕ್ಕೆಗೆ ತಿವಿದು, ಇದೇ ಹುಡುಗಿ, ಬೇರೆ ಎಲ್ಲೂ ನೋಡುವುದು ಬೇಡ ಎಂದಳು. ಜಾತಕ ಆಮೇಲೆ ಕೂಡಿತು.

ಹುಡುಗನೂ ಹುಡುಗಿಯೂ ಒಪ್ಪಿದ್ದರು. ಒಪ್ಪಿಗೆ ಬರಬೇಕಾದದ್ದು ಹುಡುಗಿಯ ತಾಯಿಯಿಂದ. ಗಂಡನನ್ನು ಕಳೆದುಕೊಂಡು, ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದವರು ಅವರು. ಅದ್ಯಾಕೋ ದಿನ ದೂಡುತ್ತ ಬಂದು, ಕೊನೆಗೆ ಗೌರಿ ಹುಣ್ಣಿಮೆಯ ದಿನ ಬನ್ನಿ, ಹೌದು ಅಲ್ಲ ಎರಡರಲ್ಲೊಂದು ಹೇಳಿಬಿಡುತ್ತೇವೆ ಎಂದಿದ್ದರು. ನಮ್ಮ ಯೋಗ್ಯತೆಯನ್ನು ತೂಗಿ ನೋಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಹಬ್ಬದ ದಿನ ಬರಿಗೈಯಲ್ಲಿ ಹೋಗುವಂತೆಯೂ ಇರಲಿಲ್ಲ. ಆದ್ದರಿಂದ ಅಕ್ಕನಿಗೆ, ಈ ಸಲವಾದರೂ ಡಬ್ಬಿಯನ್ನು ಮುಟ್ಟಬೇಡ, ಹಾವೇರಿಯ ಪೇಟೆಯಿಂದ ಹಾಲಿನಂತೆ ಬೆಳ್ಳಗಿನ ಗೊಂಬೆಗಳನ್ನು ನಾನೇ ಕೊಂಡು ತರುತ್ತೇನೆ ಎಂದೆ. ನಿನ್ನ ಕೈಯಿಂದ ಹೋದರೂ ಖರ್ಚು ಖರ್ಚೇ ಎಂದು ಅವಳು ಒಪ್ಪಲಿಲ್ಲ.

“ಇದರಿಂದ ಸಂಬಂಧ ಮುರಿದ್ರ?” ಎಂದು ಕೇಳಿದೆ.

“ಸಕ್ಕರಿ ನೋಡಿ ಮುರಿಯೂ ಸಂಬಂಧ ಇವತ್ತ ಮುರೀಲಿ ಬಿಡು,” ಎಂದು ಡಬ್ಬಿಯ ಮುಚ್ಚಳ ತೆಗೆದಳು.

ಜನ್ಮಜನ್ಮಾಂತರಗಳನ್ನು ಕಂಡ ಆ ಸಕ್ಕರೆ ಈಗ ಮಳೆಗಾಲದ ಸುಣ್ಣದ ಗೋಡೆಯಂತೆ ಮಂಕಾಗಿತ್ತು. ಬಣ್ಣ ಹಾಕದೆ ಗತ್ಯಂತರವಿರಲಿಲ್ಲ. ಬಣ್ಣದ ಪುಡಿ ಕೊಳ್ಳುವುದು ಅಕ್ಕನಿಗೆ ಸಮ್ಮತವಿರಲಿಲ್ಲ. ಹೀಗಿರುವಾಗ ಒಬ್ಬ ಸಾಮಾನ್ಯ ಮನುಷ್ಯ ಏನು ಮಾಡುತ್ತಾನೆ? ಸೋಲೊಪ್ಪುತ್ತಾನೆ. ಅಕ್ಕ ಬ್ಯಾಡಗಿ ಮೆಣಸಿನಕಾಯಿಯ ಸಿಪ್ಪೆಯನ್ನು ಬಿಸಿ ಹಾಲಿನಲ್ಲಿ ನೆನೆಹಾಕಿದಳು! ನಾನು ಹೌಹಾರಿದೆ. ತುಟಿಗೆ ಹಚ್ಚುವ ಬಣ್ಣಕ್ಕೂ ಇದೇ ಕಾಯಿಯನ್ನು ಬಳಸುತ್ತಾರೆಂದು ಅವಳು ಎಲ್ಲೋ ಕೇಳಿದ್ದಳಂತೆ.

“ಹೆಣ್ಣಮಕ್ಕಳ ತುಟಿಗೆ ನಡೀತೈತಿ ಅಂದ್ರ ಆನಿಗೆ ನಡಿಯೂದಿಲ್ಲೇನು?”

ಆ ಹಾಲು ಪಾಕಕ್ಕೆ ಬಿತ್ತು. ಅಚ್ಚು ಬಿಚ್ಚಿದಾಗ ಐದು ಆನೆ, ಎರಡು ಗುಡಿ, ಒಂದು ಗಿಳಿ, ಎಲ್ಲವೂ ಅಪ್ಪಟ ಕೇಸರಿ. ನೋಡಲು ಸುಂದರವಾಗಿಯೇ ಇದ್ದವು ಎಂಬುದನ್ನು ಸತ್ಯಕ್ಕೆ ಬದ್ಧನಾಗಿ ದಾಖಲಿಸುತ್ತೇನೆ. ಆದರೆ ಮೆಣಸಿನಕಾಯಿಯನ್ನು ಸಕ್ಕರೆಯ ವೇಷದಲ್ಲಿ ಬ್ಯಾಡಗಿಗೇ ಒಯ್ಯುವುದೆ?

ಪ್ರಯಾಣದ ತಂಡವನ್ನೂ ಅಕ್ಕನೇ ಆರಿಸಿದಳು. ಗಂಡಸರಿಗೆ ಟಿಕೆಟ್ ಬೀಳುವುದರಿಂದ ಮದುಮಗನೂ ಅವನ ತಂದೆಯೂ ಮನೆಯಲ್ಲಿ ಉಳಿದರು! ಅಕ್ಕ, ಅವಳ ಹಿರಿಯ ಸೊಸೆ, ಓಣಿಯ ನಾಲ್ವರು ಹೆಂಗಸರು, ಸ್ವಂತ ಖರ್ಚಿನಲ್ಲಿ ನಾನು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ತಿರುಗುವಾಗ ಬಸ್ಸು ಒಮ್ಮೆ ಕುಪ್ಪಳಿಸಿತು. ಒಂದು ಆನೆಯ ಕಿವಿ ಮುರಿಯಿತು. ನಾನು ಶಕುನಗಳನ್ನು ನಂಬುವವನಲ್ಲ. ಆದರೂ ಆ ಕಿವಿಯನ್ನು ಮತ್ತೆ ಅದರ ಜಾಗಕ್ಕೆ ಕೂಡಿಸಿ ನೋಡಿದೆ.

ಹುಡುಗಿಯ ಮನೆಯಲ್ಲಿ ತಾಯಿ, ಮಗಳು ಮತ್ತು ಹುಡುಗಿಯ ಸೋದರಮಾವ ಇದ್ದರು. ಸೋದರಮಾವನವರು ಮೆಣಸಿನಕಾಯಿ ಪೇಟೆಯಲ್ಲಿ ಕಾಯಿಯ ದರ್ಜೆ ಹೇಳುವವರು. ಅವರ ಬಾಯಿಂದ ಒಮ್ಮೆ ಬಂದ ಮಾತನ್ನು ಕೊಂಡವನೂ ಮಾರಿದವನೂ ತಿರುಗಿ ಕೇಳುವುದಿಲ್ಲವಂತೆ. ಅಕ್ಕ ಗೊಂಬೆ, ಸೀರೆ ಇಟ್ಟ ತಟ್ಟೆಯ ಮೇಲಿನ ವಸ್ತ್ರ ಸರಿಸಿದೊಡನೆ ಅವರು ಮುಂದೆ ಬಾಗಿ, ಮುರಿದ ಕಿವಿಯನ್ನೆತ್ತಿ ಬೆಳಕಿಗೆ ಹಿಡಿದರು. ಮೂಸಿದರು. ನಾಲಗೆಯ ತುದಿಗೆ ಮುಟ್ಟಿಸಿ ಕಣ್ಣು ಮುಚ್ಚಿದರು. ಶಾಸನದ ಅಕ್ಷರವನ್ನು ಬೆರಳಿನಿಂದ ತಡವಿ ಓದುವಾಗ ನನ್ನ ಮುಖವೂ ಹಾಗೆಯೇ ಇರುತ್ತಿದ್ದಿರಬೇಕು.

“ಕಾಯಿ ನಮ್ಮೂರದ,” ಎಂದರು. “ಆದರ ಹೋದ ವರ್ಷದ್ದು.”

ನೆಲ ಬಾಯ್ದೆರೆಯಬಾರದೆ ಎಂದು ನಾನು ಹಾರೈಸುತ್ತಿದ್ದರೆ, ಅಕ್ಕ ಪರೀಕ್ಷೆಯಲ್ಲಿ ಪಾಸಾದವಳಂತೆ ಹೌದೆಂದು ತಲೆಯಾಡಿಸಿದಳು. ಬಾಗಿಲಿಗೆ ಒರಗಿ ನಿಂತಿದ್ದ ಹುಡುಗಿ ಮೆಲ್ಲಗೆ, “ಬೀಜ ಏನ್ ಮಾಡಿದ್ರಿ?” ಎಂದು ಕೇಳಿದಳು.

“ಒಗೀಲಿಲ್ಲವ್ವ. ಚಟ್ನಿಗೆ ಹಾಕೇನಿ.”

ಹುಡುಗಿ ತೃಪ್ತಿಯಿಂದ ತಲೆದೂಗಿದಳು. ಈ ಇಬ್ಬರ ಮಟ್ಟಿಗೆ ಮದುವೆ ಅಲ್ಲಿಗೇ ಮುಗಿದಂತಿತ್ತು! ಆದರೆ ತಾಯಿ ಇನ್ನೂ ತಟ್ಟೆಯನ್ನೇ ನೋಡುತ್ತ ಕುಳಿತಿದ್ದರು. ಅಕ್ಕ ಸರಿದು ಅವರ ಎದುರಿಗೆ ಕುಳಿತಳು. ಅವಳ ದನಿಯಲ್ಲಿ ಸಂಕೋಚವೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ.

“ನೋಡ್ರಿ ತಂಗಿ, ಇದರಾಗ ಒಂದೂ ಕೊಂಡು ತಂದಿದ್ದಲ್ಲ. ಸೀರಿ ನನ್ನ ಟ್ರಂಕಿನ್ಯಾಗಿಂದು, ಮಡಚಿ ಇಟ್ಟದ್ದು ಇಟ್ಟಂಗ ಐತಿ. ನಾ ಅಂಗಡೀಂದ ತಂದ್ರ ನಾಳೆ ನೀವೂ ಅಂಗಡಿಗೆ ಹೋಗಬೇಕಾಗತೈತಿ. ನಾ ಎರಡು ತಂದ್ರ ನೀವು ನಾಕು ತರಬೇಕು. ಅದೆಲ್ಲಾ ಬ್ಯಾಡ. ಮದಿವಿನೂ ಹಿಂಗ, ಮನ್ಯಾಗ ಏನಾಗತೈತಿ ಅಷ್ಟ. ಇದಕ್ಕ ಒಪ್ಪಿಗಿ ಇದ್ರ ಹುಡುಗೀನ್ನ ಕೊಡ್ರಿ.”

ತಾಯಿ ಅಣ್ಣನ ಕಡೆ ಒಮ್ಮೆ ನೋಡಿ, “ಒಲ್ಲೆ ಅಂತ ಹೇಳಾಕ ಇವತ್ತ ಅಣ್ಣನ್ನ ಕರಸಿದ್ದೆರಿ,” ಎಂದರು. “ಹುಡುಗ ಬಂಗಾರದಂತಾವ. ನಿಮ್ಮ ಸರಿಸಮ ಮಾಡೂದು ನನ್ನ ಕೈಲೆ ಆಗೂದಿಲ್ಲ ಅಂತ ಅಂಜಿಕಿ ಅಷ್ಟ ಇತ್ತು.”

ದಿನ ದೂಡಿದ್ದು, ಉತ್ತರ ತಡೆಹಿಡಿದದ್ದು, ಎಲ್ಲ ಸಾಕ್ಷ್ಯವೂ ನನ್ನ ಕಣ್ಣೆದುರಿಗೇ ಇತ್ತು. ಅದನ್ನು ಪೂರ್ತಿ ತಲೆಕೆಳಗಾಗಿ ಓದಿದವನು ನಾನು. ಸರಿಯಾಗಿ ಓದಿದವಳು, ಜಿಪುಣಿ ಎಂದು ನಾನು ನಗೆಯಾಡುತ್ತ ಬಂದ ನನ್ನ ಅಕ್ಕ. ಆ ಮನೆಗೆ ಭಾರವಾಗದಷ್ಟೇ ತೂಕದ ತಟ್ಟೆಯನ್ನು ಅವಳು ಹಟ ಹಿಡಿದು ಹೊತ್ತು ತಂದಿದ್ದಳು.

ತಾಯಿ ಕಿವಿ ಮುರಿದ ಆನೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನೋಡನೋಡುತ್ತಿದ್ದಂತೆ ಅವರ ಕಣ್ಣಿಂದ ನೀರು ಇಳಿಯತೊಡಗಿತು. ಸೆರಗಿನಿಂದ ಒರೆಸಿದಷ್ಟೂ ಇಳಿಯಿತು.

“ಖಾರ ಐತ್ರಿ,” ಎಂದರು, ನಗಲು ಪ್ರಯತ್ನಿಸುತ್ತ.

ಬ್ಯಾಡಗಿಯ ಕಾಯಿಗೆ ಬಣ್ಣವೇ ಹೊರತು ಅಷ್ಟಾಗಿ ಖಾರವಿಲ್ಲವೆಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಗೊತ್ತಿದ್ದವರು ಸೋದರಮಾವ. ಅವರು ತಿದ್ದಲೆಂದೇ ಬಾಯಿ ತೆರೆದರು. ತಂಗಿಯ ಮುಖ ನೋಡಿದರು. ಕೈಯಲ್ಲಿದ್ದ ಕಿವಿಯನ್ನು ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಅಗಿದರು.

“ಹೌದು,” ಎಂದರು. “ಈ ಕಾಯಿ ಭಾಳ ಖಾರ ಐತಿ.”