ಮೀಸೆಗೆ ಒಪ್ಪಿದ ಬಣ್ಣ

ನಾನು ಕೆಲಸ ಮಾಡೋ ಅಂಗಡಿಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತೆ. ಆದಾಗ ಮೈ ಜುಂ ಅನ್ನುತ್ತೆ. ಆಮೇಲೆ ನಗು ಬರುತ್ತೆ. ಕೆಲವು ಸಲ ನಕ್ಕ ಮೇಲೂ ಜುಂ ಹೋಗೋದಿಲ್ಲ.

ಅಂಗಡಿ ಇರೋದು ಅಮೆರಿಕದಲ್ಲಿ, ಸ್ಯಾನ್ ಹೊಸೆಯ ಒಂದು ಮಾಲಿನಲ್ಲಿ. ಜಪಾನಿನ ಮೇಕಪ್ ಸಾಮಾನು. ನಮ್ಮ ಮನೆಯವಳು ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ನಾನು ಹಿಂದಿನ ರೂಮಿನಲ್ಲಿ ಡಬ್ಬ ಹೊರುತ್ತಿದ್ದೆ. ಈಗಲೂ ಹೊರುತ್ತೇನೆ. ಅವಳಿಲ್ಲ.

ಈ ವ್ಯಾಪಾರದಲ್ಲಿ ಕಾಲ ಮುಂದೆ ಮುಂದೆ ಓಡುತ್ತೆ. ಸಂಕ್ರಾಂತಿ ಚಳಿಯಲ್ಲಿ ವಸಂತದ ಬಣ್ಣ ಬರುತ್ತೆ. ಸೆಕೆಯಲ್ಲಿ ಬೆವರುತ್ತಾ ಎಲೆ ಉದುರೋ ಕಾಲದ ಬಣ್ಣ ಜೋಡಿಸಬೇಕು. ಒಂದು ಸೀಸನ್ನಿನ ಬಣ್ಣ ಮುಗಿದರೆ ಮುಗಿಯಿತು. ಮತ್ತೆ ಮಾಡೋದಿಲ್ಲ. ಅದಕ್ಕೇ ಕೆಲವು ಗಿರಾಕಿಗಳು ಎರಡೆರಡು ತಗೊಳ್ಳುತ್ತಾರೆ. ಒಂದು ಹಚ್ಚೋಕೆ, ಒಂದು ಸುಮ್ಮನೆ ಬಚ್ಚಿಡೋಕೆ. ಎಮರಿವಿಲ್‌ನಿಂದ ಒಬ್ಬ ಅಜ್ಜಿ ಬರುತ್ತಾರೆ. ಅವರ ಮನೆಯಲ್ಲಿ ತೆರೆಯದ ಲಿಪ್‌ಸ್ಟಿಕ್ಕಿಗೇ ಒಂದು ಬೀರು ಇದೆಯಂತೆ.

ಹೋದ ವರ್ಷ ವಸಂತದ ಡಬ್ಬ ಬಂದ ವಾರ ನಮ್ಮ ಮನೆಯವಳು ಹೋದಳು. ಎದೆ ನೋವು ಅಂದಳು. ಆಸ್ಪತ್ರೆ ಮುಟ್ಟಲಿಲ್ಲ. ಮುತ್ತೈದೆ ಬರಿದಾಗಿ ಹೋಗಬಾರದು ಅಂತ ಭಾವಮೈದನ ಹೆಂಡತಿ ಅರಿಶಿನ, ಕುಂಕುಮ, ಹೂವು ಎಲ್ಲಾ ಇಟ್ಟಳು. ನಮ್ಮ ಮನೆಯವಳ ಪರ್ಸಿನಲ್ಲಿದ್ದ ಲಿಪ್‌ಸ್ಟಿಕ್ಕನ್ನೂ ಹಚ್ಚಿದಳು. ಅದನ್ನೂ ಮಡಿಲಿಗೆ ಹಾಕಿ ಕಳಿಸಿದಳು.

ವರ್ಷದ ಕಾರ್ಯದ ಮಾತು ಬಂದಾಗ ಶಾಸ್ತ್ರಿಗಳು ಹೇಳಿದರು. "ಒಬ್ಬ ಮುತ್ತೈದೆಗೆ ಬಾಗಿನ ಕೊಡಿ. ಬಳೆ, ಬಾಚಣಿಗೆ, ಕನ್ನಡಿ. ಜೊತೆಗೆ ಅವರು ಇಷ್ಟಪಟ್ಟು ಹಚ್ಚುತ್ತಿದ್ದದ್ದು ಏನಾದರೂ ಒಂದು. ಆಗ ಅವರಿಗೆ ಸೇರುತ್ತೆ."

ಅವಳು ಇಷ್ಟಪಟ್ಟದ್ದು ಆ ಲಿಪ್‌ಸ್ಟಿಕ್ಕು. ಅವಳು ಹೋದ ವಸಂತಕ್ಕೆ ಹಿಂದಿನ ವಸಂತದ್ದು. ಕೆಂಪು ಅಂತ ಗೊತ್ತು. ಯಾವ ಕೆಂಪು ಅಂತ ಗೊತ್ತಿಲ್ಲ. ನಮ್ಮ ಅಂಗಡಿಯಲ್ಲಿ ಒಂದು ಗೋಡೆ ತುಂಬ ಕೆಂಪೇ ಇದೆ. ಫೋಟೋ ನೋಡಿದರೆ ಒಂದೊಂದರಲ್ಲಿ ಒಂದೊಂದು ಕೆಂಪು. ಹೆಸರು ಓದೋಣ ಅಂದರೆ ನಾನು ಐದನೇ ಕ್ಲಾಸು. ಇಂಗ್ಲಿಷಿನಲ್ಲಿ ನನಗೆ ಓದೋಕೆ ಬರೋದು ಎಕ್ಸಿಟ್, ಪುಶ್, ಪುಲ್, ಅವಳ ಹೆಸರು.

ಕೌಂಟರಿನ ಹುಡುಗಿಯನ್ನು ಕೇಳಿದೆ. ಮೈಸೂರಿನವರ ಮಗಳು, ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಅರ್ಧ ಅರ್ಥವಾಗುತ್ತೆ, ಇನ್ನರ್ಧ ನಾನೇ ಸೇರಿಸಿಕೊಳ್ಳುತ್ತೇನೆ. ಆಂಟಿ ಯಾವಾಗಲೂ ನಗುತ್ತಿದ್ದರು, ತುಟಿಯ ಬಣ್ಣ ಯಾರು ನೋಡಿದರು ಅಂದಳು.

ವರ್ಷ ತುಂಬೋದರೊಳಗೆ ಆ ಬಣ್ಣ ಸಿಗಬೇಕಿತ್ತು. ಅದನ್ನು ಹುಡುಕುತ್ತಾ ಇದ್ದಾಗ ಆದದ್ದು ಇವು.

ಕಸದ ಡಬ್ಬದ ಕಣ್ಣು

ಸೀಸನ್ ಬದಲಾದರೆ ಗೋಡೆಯ ಬೋರ್ಡೂ ಬದಲಾಗುತ್ತೆ. ಬೋರ್ಡಿನ ತುಂಬ ಒಂದು ಹುಡುಗಿಯ ಮುಖ. ನನ್ನಷ್ಟು ಎತ್ತರ. ಹಳೇ ಮುಖವನ್ನು ಹಾಗೇ ಎಸೆಯಬಾರದು, ಕತ್ತರಿಸಿ ಎಸೆಯಬೇಕು ಅಂತ ಕಂಪನಿ ರೂಲ್ಸು. ಬೇರೆಯವರು ತಗೊಂಡು ಹೋಗಿ ಇಟ್ಟುಕೊಳ್ಳುತ್ತಾರಂತೆ.

ಹಿಂದಿನ ರೂಮು ಮೊದಲೇ ಸರಿಯಿಲ್ಲ. ಕಿಟಕಿ ಇಲ್ಲ. ಮೂಲೆಯಲ್ಲಿ ಕೆಟ್ಟುಹೋದ ಒಂದು ದೊಡ್ಡ ಕನ್ನಡಿ, ಮೇಲೆ ಬಿಳಿ ಬಟ್ಟೆ ಮುಚ್ಚಿದ್ದಾರೆ. ಯಾರೋ ಮುಸುಕು ಹಾಕಿಕೊಂಡು ನಿಂತ ಹಾಗೆ. ಅಲ್ಲಿ ಕೂತು ಮುಖ ಕೊಯ್ಯೋದು. ಗಲ್ಲ ಕೊಯ್ದೆ, ಮೂಗು ಕೊಯ್ದೆ. ಕಣ್ಣಿಗೆ ಬಂದಾಗ ಕೈ ಹೋಗಲಿಲ್ಲ. ಅವಳು ಕಣ್ಣು ಮುಚ್ಚಿದ ಮೇಲೆ ಯಾವ ಕಣ್ಣಿಗೂ ಕತ್ತಿ ಇಡೋಕೆ ನನಗೆ ಮನಸ್ಸಿರಲಿಲ್ಲ. ಕಣ್ಣಿನ ತುಂಡನ್ನು ಮಡಚಿ ಕಸದ ಡಬ್ಬಕ್ಕೆ ತುರುಕಿದೆ.

ಮಡಚಿದ್ದು ಬಿಚ್ಚಿಕೊಂಡಿತು. ಬೆಳಗ್ಗೆ ಮಾಲಿನ ಸೆಕ್ಯೂರಿಟಿಯವನು ನೋಡಿದ. ಮುಚ್ಚಳದ ಸಂದಿಯಿಂದ ಎರಡು ಕಣ್ಣು. ಅವನು ಪೊಲೀಸರನ್ನೇ ಕರೆದ.

ಪೊಲೀಸು ಟಾರ್ಚು ಬಿಟ್ಟು ನೋಡಿದ. ಎಳೆದು ಹೊರಗೆ ಹಾಕಿದ. ನನ್ನ ಕಡೆ ತಿರುಗಿ, "ಯಾರಿದು?" ಅಂದ.

"ಹೋದ ಸೀಸನ್ನಿನವಳು ಸಾರ್" ಅಂದೆ.

ಕನ್ನಡಿಯ ಮೇಲಿನ ತುಟಿ

ಕೌಂಟರಿನ ಹತ್ತಿರ ಒಂದು ಉದ್ದನೆ ಕನ್ನಡಿ ಇದೆ. ಒಂದು ದಿನ ಶಟರ್ ಎತ್ತಿ ನೋಡಿದರೆ ಅದರ ಮೇಲೆ ತುಟಿಯ ಗುರುತು. ಯಾರೋ ಮುತ್ತು ಕೊಟ್ಟ ಹಾಗೆ. ಒರೆಸಿದೆ. ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ.

ನಮ್ಮ ಮನೆಯವಳು ನನ್ನ ಭುಜದಷ್ಟು ಎತ್ತರ. ಕನ್ನಡಿಗೆ ಒತ್ತಿಕೊಂಡು ನಿಂತೆ. ಗುರುತು ನನ್ನ ಭುಜಕ್ಕಿಂತ ಚೂರು ಕೆಳಗೆ. ಅವಳ ಬಾಯಿ ಅಲ್ಲಿಗೇ ಬರಬೇಕು.

ಬಣ್ಣ ತೋರಿಸೋಕೆ ಬರುತ್ತಿದ್ದಾಳೆ ಅಂದುಕೊಂಡೆ. ಒಂದು ಬಿಳಿ ಕಾಗದ ಒತ್ತಿ ಆ ಗುರುತನ್ನು ತೆಗೆದುಕೊಂಡು ಗೋಡೆಯ ಕೆಂಪೆಲ್ಲ ಹೋಲಿಸಿದೆ. ಒಂದಕ್ಕೆ ಕೂಡಿತು. ಮಾರನೇ ದಿನ ಗುರುತು ಬೇರೆ ಕೆಂಪು. ಅದರ ಮಾರನೇ ದಿನ ಕಿತ್ತಳೆ. ಆಗ ಅನುಮಾನ ಬಂತು. ಅವಳು ದಿನಕ್ಕೊಂದು ಬಣ್ಣ ಹಚ್ಚೋಳಲ್ಲ.

ಮ್ಯಾನೇಜರಮ್ಮ ಜಪಾನಿನವರು, ವಯಸ್ಸಾದವರು. ಗುರುತು ನೋಡಿದರು. ಎರಡು ತಟ್ಟೆಯಲ್ಲಿ ಉಪ್ಪು ಗೋಪುರ ಮಾಡಿ ಬಾಗಿಲ ಎರಡು ಕಡೆ ಇಟ್ಟರು. ಕೆಟ್ಟದ್ದು ಓಡಿಸೋಕೆ ಅವರಲ್ಲೂ ಉಪ್ಪೇ. ನನಗೆ ಸಮಾಧಾನ ಆಯಿತು. ನಾನು ಗ್ರೋಸರಿಗೆ ಹೋಗಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ತಂದು ದಾರಕ್ಕೆ ಪೋಣಿಸಿ ಶಟರಿಗೆ ಕಟ್ಟಿದೆ. ಅವರು ನನ್ನ ನಿಂಬೆಹಣ್ಣು ನೋಡಿ ತಲೆ ಬಗ್ಗಿಸಿದರು. ನಾನು ಅವರ ಉಪ್ಪು ನೋಡಿ ತಲೆ ಬಗ್ಗಿಸಿದೆ.

ಗುರುತು ನಿಂತಿತು. ಒಂದು ವಾರವಾದ ಮೇಲೆ ಗೊತ್ತಾಯಿತು. ಮಾಲಿನ ಕಸ ಗುಡಿಸೋ ಹೆಂಗಸು ಬೆಳಗ್ಗೆ ನಮ್ಮ ಅಂಗಡಿ ಗುಡಿಸಿ, ಮನೆಗೆ ಹೋಗೋ ಮುಂಚೆ ಒಂದೊಂದು ಬಣ್ಣ ಹಚ್ಚಿಕೊಂಡು ಹೋಗುತ್ತಿದ್ದಳು. ಜಾಸ್ತಿಯಾದದ್ದನ್ನು ಕನ್ನಡಿಗೆ ಒತ್ತುತ್ತಿದ್ದಳು. ಉಪ್ಪು, ನಿಂಬೆಹಣ್ಣು ನೋಡಿದಳಂತೆ. ಆ ಅಂಗಡಿಯಲ್ಲಿ ಏನೋ ಇದೆ, ನಾನು ಕಾಲಿಡಲ್ಲ ಅಂದಳಂತೆ.

ದೆವ್ವ ಹೋಯಿತು. ಕಸ ಗುಡಿಸೋದು ನನ್ನ ತಲೆಗೆ ಬಂತು.

ಮೆಸೇಜು

ಅವಳ ಫೋನು ಮನೆಯಲ್ಲಿ ಇಟ್ಟಿದ್ದೇನೆ. ಚಾರ್ಜು ಹಾಕುತ್ತೇನೆ. ಪ್ರತಿ ಸೀಸನ್ನಿಗೂ ಅದು ಒಂದು ಸಲ ಟಿಂಗ್ ಅನ್ನುತ್ತೆ. ಮನೆಯಲ್ಲಿ ನಾನೊಬ್ಬನೇ. ಪ್ರತಿ ಸಲ ಅವಳೇನೋ ಅಂತ ಎದ್ದು ಹೋಗಿ ನೋಡುತ್ತೇನೆ.

ಹುಡುಗಿಗೆ ತೋರಿಸಿದೆ. ಓದಿ ಫೋನು ವಾಪಸು ಕೊಟ್ಟಳು. ಬಲವಂತ ಮಾಡಿದ ಮೇಲೆ ಹೇಳಿದಳು. ನಮ್ಮದೇ ಕಂಪನಿಯದು, ಮೆಂಬರಾದ ಗಿರಾಕಿಗಳಿಗೆ ಕಳಿಸೋದು. ನಿಮ್ಮ ಮುಖ ನೋಡಿ ಬಹಳ ದಿನ ಆಯಿತು, ಯಾವಾಗ ಬರುತ್ತೀರಿ ಅಂತ ಇದೆಯಂತೆ.

ಮ್ಯಾನೇಜರಮ್ಮನ ಹತ್ತಿರ ಹೋದೆ. ನಿಲ್ಲಿಸಿ ಅಂದೆ. ಅವರು ಕಂಪನಿಗೆ ಫೋನು ಮಾಡಿದರು. ಬಹಳ ಹೊತ್ತು ಮಾತಾಡಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು. "ಮೆಂಬರು ತಾವೇ ಬಂದು ಹೇಳಬೇಕಂತೆ."

"ಬಂದರೆ ಆಯಿತು" ಅಂದೆ. "ಆವತ್ತು ನೀವು ರಜ ಹಾಕಿ."

ಕೈ

ವಾಲ್ನಟ್ ಕ್ರೀಕಿನಲ್ಲಿರೋ ನಮ್ಮ ಕಂಪನಿಯ ಇನ್ನೊಂದು ಅಂಗಡಿಯಲ್ಲಿ ಹಳೇ ಬಣ್ಣ ಉಳಿದಿರಬಹುದು ಅಂದರು. ರಜದ ದಿನ ರೈಲು ಹತ್ತಿ ಹೋದೆ. ಹಿಂದಿನ ವಸಂತದ ಕೆಂಪು ಅಂದೆ. ಅಲ್ಲಿನ ಹುಡುಗಿಗೆ ಪಾಪ ತಾಳ್ಮೆ ಇತ್ತು. ಇದಾ, ಇದಾ ಅಂತ ನನ್ನ ಕೈ ಮೇಲೆ ಒಂದೊಂದೇ ಗೆರೆ ಎಳೆದಳು. ಎಡಗೈ ತುಂಬಿತು. ಬಲಗೈ ತುಂಬಿತು. ತೋಳು ಮಡಚಿ ಮೊಣಕೈ ತನಕ ಎಳೆದಳು. ಯಾವುದೂ ಅಲ್ಲ. ಒರೆಸೋಕೆ ಹೋದಳು. ಬೇಡ ಅಂದೆ. ಬೆಳಕಿನಲ್ಲಿ ಇನ್ನೊಂದು ಸಲ ನೋಡೋಣ ಅನ್ನಿಸಿತು.

ವಾಪಸು ರೈಲು ತುಂಬಿತ್ತು. ಮೇಲಿನ ಹಿಡಿ ಹಿಡಿದು ನಿಂತೆ. ಅಂಗಿಯ ತೋಳು ಕೆಳಗೆ ಜಾರಿತು. ಸೆಕೆಗೆ ಬಣ್ಣ ಕರಗಿತ್ತು. ಮೊಣಕೈಯಿಂದ ರಕ್ತದ ಹಾಗೆ ಸಣ್ಣಗೆ ಇಳಿಯುತ್ತಿತ್ತು. ಎದುರಿಗೆ ಕೂತವನು ಎದ್ದ. ಅವನ ಪಕ್ಕದವಳೂ ಎದ್ದಳು. ಒಬ್ಬಾಕೆ ದೂರದಿಂದಲೇ, "ಸಾರ್, ಅದು ನಿಮ್ಮದಾ?" ಅಂದಳು.

"ಅಲ್ಲಮ್ಮ. ಹೆಂಡತಿಯದು ಹುಡುಕುತ್ತಾ ಇದ್ದೀನಿ" ಅಂದೆ. ನನ್ನ ಇಂಗ್ಲಿಷಿಗೆ ಅಷ್ಟೇ ಬಂತು.

ಸ್ಯಾನ್ ಹೊಸೆ ತನಕ ಕಾಲು ಚಾಚಿಕೊಂಡು ಕೂತು ಬಂದೆ.

ಎಂಜಲು

ಬೇಸತ್ತು ಶಾಸ್ತ್ರಿಗಳಿಗೆ ಫೋನು ಮಾಡಿದೆ. "ಹಿಂದಿನ ರೂಮಿನಲ್ಲಿ ಗಿರಾಕಿಗಳು ಹಚ್ಚಿ ನೋಡಿದ ಹಳೇ ತುಂಡುಗಳು ಒಂದು ಡಬ್ಬ ಇವೆ. ಅದರಲ್ಲಿ ಅವಳದ್ದೂ ಇದ್ದೇ ಇರುತ್ತೆ. ಡಬ್ಬ ಪೂರ್ತಿ ಬಾಗಿನಕ್ಕೆ ಇಡಲಾ?"

"ಬಾಯಿಗೆ ತಾಗಿದೆಯಾ?"

"ತುಟಿಗೆ ಹಚ್ಚೋದಲ್ವಾ ಸ್ವಾಮಿ."

"ಹಾಗಾದರೆ ಎಂಜಲು. ಆಗೋದಿಲ್ಲ."

ಬಟ್ಟೆ ಮುಚ್ಚಿದ ಕನ್ನಡಿ

ಮತ್ತೆ ವಸಂತದ ಡಬ್ಬ ಬಂತು. ಹೊರಗೆ ಚಳಿ. ಕಾರ್ಯ ಅದೇ ವಾರ. ಬಣ್ಣ ಸಿಕ್ಕಿರಲಿಲ್ಲ.

ಕಂಪನಿಯವರು ಬಂದು ಆ ದೊಡ್ಡ ಕನ್ನಡಿ ರಿಪೇರಿ ಮಾಡಿದರು. ಅದು ಬರೀ ಕನ್ನಡಿ ಅಲ್ಲ, ಕಂಪ್ಯೂಟರು. ಎದುರಿಗೆ ನಿಂತು ಬೇಕಾದ ಬಣ್ಣ ಮುಟ್ಟಿದರೆ ಕನ್ನಡಿಯೊಳಗಿನ ತುಟಿಗೆ ಆ ಬಣ್ಣ ಬರುತ್ತೆ. ನಿಜವಾದ ತುಟಿಗೆ ಏನೂ ಆಗೋದಿಲ್ಲ. ಒಂದು ಸಲ ನೋಡಿದ ಮುಖವನ್ನು ನೆನಪಿಟ್ಟುಕೊಳ್ಳುತ್ತಂತೆ. ಅವಳು ಹೋಗೋ ಸ್ವಲ್ಪ ಮುಂಚೆ ಕೆಟ್ಟಿತ್ತು. ನಾನು ಅದರ ಎದುರಿಗೆ ಯಾವತ್ತೂ ನಿಂತವನಲ್ಲ. ಗಂಡಸಿಗೆ ಅಲ್ಲೇನು ಕೆಲಸ.

ಮಾರಾಟ ಶುರುವಾಗೋ ಬೆಳಗ್ಗೆ. ಹೊರಗೆ ಆಗಲೇ ಕ್ಯೂ. ನಮ್ಮ ಶಟರು ಜಾಲರಿ, ಒಳಗಿನದೆಲ್ಲ ಕಾಣುತ್ತೆ. ಕನ್ನಡಿಯನ್ನು ಮುಂದಕ್ಕೆ ತಂದು ನಿಲ್ಲಿಸಿದೆ. ಪ್ಲಗ್ ಹಾಕಿದೆ. ಬಟ್ಟೆ ಎಳೆದೆ. ಧೂಳಿತ್ತು. ಒರೆಸೋಕೆ ಹತ್ತಿರ ಹೋದೆ.

ಕನ್ನಡಿ ಬೆಳಗಿತು. ನನ್ನ ಮುಖ ಬಂತು. ನಾನು ಏನೂ ಮುಟ್ಟಿರಲಿಲ್ಲ. ತುಟಿ ಕೆಂಪಾಯಿತು.

ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ನನ್ನ ಬಾಯಿ ಒರೆಸಿಕೊಂಡೆ. ಕೈಗೆ ಏನೂ ಹತ್ತಲಿಲ್ಲ. ಕನ್ನಡಿಯಲ್ಲಿ ಹಾಗೇ ಇತ್ತು. ಕೆಳಗೆ ಒಂದು ಸಾಲು ಇಂಗ್ಲಿಷು ಮೂಡಿತು. ಕೊನೆಯ ಪದ ಮಾತ್ರ ಓದೋಕೆ ಬಂತು. ಅವಳ ಹೆಸರು.

ಆ ಕೆಂಪು ನನಗೆ ಗೊತ್ತು. ದಿನಾ ಫ್ರೀವೇ ಹತ್ತೋ ಮುಂಚೆ ಸಿಗ್ನಲ್ಲಿನಲ್ಲಿ ಕಾರಿನ ಕನ್ನಡಿ ತನ್ನ ಕಡೆ ತಿರುಗಿಸಿಕೊಂಡು ಹಚ್ಚುತ್ತಿದ್ದ ಕೆಂಪು. ಹಿಂದೆ ಗಾಡಿ ಕಾಣಲ್ಲ ಕಣೇ ಅಂತಿದ್ದೆ. ಹಿಂದೆ ನೋಡೋದು ಬಿಟ್ಟು ಮುಂದೆ ನೋಡಿ ಅಂತಿದ್ದಳು.

ಒಂದು ವರ್ಷ ಗೋಡೆಯಲ್ಲಿ ಹುಡುಕಿದೆ. ಸಿಕ್ಕಿದ್ದು ನನ್ನ ಬಾಯಿಯ ಮೇಲೆ. ಅಲ್ಲಾಡಿದರೆ ಹೋಗಿಬಿಡುತ್ತೆ ಅಂತ ಉಸಿರು ಬಿಡದೆ ನಿಂತೆ.

ಹಿಂದಿನಿಂದ ಹುಡುಗಿ ಬಂದಳು. ನೋಡಿದಳು. ಆವತ್ತು ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು.

"ಅಂಕಲ್, ಭಯ ಬೇಡ. ಇದು ಆಂಟಿ ಮಾಡಿದ್ದು. ಫೋನಲ್ಲಿ ನಿಮ್ಮ ಫೋಟೋ ಇತ್ತಲ್ಲ, ಅದು ಮಿರರ್‌ಗೆ ತೋರಿಸೋದು. ಲಂಚ್ ಟೈಮಲ್ಲಿ. ಎಲ್ಲಾ ಸೀಸನ್."

"ನನ್ನ ಫೋಟೋನಾ? ಯಾಕೆ?"

"ನ್ಯೂ ಕಲರ್ ಫಸ್ಟ್ ನಿಮಗೆ ಹಾಕೋದು. ಆ ಮೀಸೆಗೆ ಒಪ್ಪಿದ್ರೆ ಯಾರಿಗಾದ್ರೂ ಒಪ್ಪುತ್ತೆ ಅನ್ನೋರು. ನಿಮಗೆ ಒಪ್ಪಿದ್ದೇ ಆಂಟಿ ತಗೊಳ್ಳೋದು. ನಾವೆಲ್ಲ ತುಂಬಾ ನಗೋದು. ನಿಮಗೆ ಬೇಜಾರಾಗುತ್ತೆ ಅಂತ ನಾನು ಹೇಳಲಿಲ್ಲ."

ಜಾಲರಿಯ ಆಚೆ ಕ್ಯೂ ಪೂರ್ತಿ ನನ್ನನ್ನೇ ನೋಡುತ್ತಿತ್ತು. ಮೀಸೆ, ಕೆಂಪು ತುಟಿ, ಕಣ್ಣಲ್ಲಿ ನೀರು. ಎಲ್ಲರಿಗಿಂತ ಮುಂದೆ ಎಮರಿವಿಲ್‌ನ ಅಜ್ಜಿ. ಜಾಲರಿಗೆ ಮೂಗು ಒತ್ತಿ ನೋಡಿದರು.

"ಹಿಂದಿನ ಹಿಂದಿನ ವಸಂತದ್ದು" ಅಂದರು. "ನನ್ನ ಹತ್ತಿರ ಒಂದಿದೆ. ತೆರೆದಿಲ್ಲ."

ಹುಡುಗಿ ಅವರಿಗೆ ಎಲ್ಲಾ ಬಿಡಿಸಿ ಹೇಳಿದಳು. ಅಜ್ಜಿ ಮಾರನೇ ದಿನವೇ ತಂದರು. ಸೀಲು ಹಾಗೇ ಇತ್ತು. ಕೊಡೋವಾಗ ಎರಡು ಸಲ ಕೈ ಹಿಂದಕ್ಕೆ ಎಳೆದುಕೊಂಡರು. "ಬಚ್ಚಿಟ್ಟದ್ದನ್ನು ನಾನು ಯಾರಿಗೂ ಕೊಟ್ಟವಳಲ್ಲ. ಆದರೆ ನಿನ್ನೆ ನೋಡಿದೆನಲ್ಲ. ಇದು ನನಗಿಂತ ನಿಮಗೇ ಒಪ್ಪುತ್ತೆ."

ಕಾರ್ಯ ಆಯಿತು. ಇಲ್ಲಿ ಮೊರ ಸಿಗಲಿಲ್ಲ, ಅಲ್ಯೂಮಿನಿಯಂ ಟ್ರೇನಲ್ಲಿ ಬಾಗಿನ ಜೋಡಿಸಿದೆವು. ಶಾಸ್ತ್ರಿಗಳು ಲಿಪ್‌ಸ್ಟಿಕ್ಕನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು.

"ಬಾಯಿಗೆ ತಾಗಿಲ್ಲ ತಾನೇ?"

"ನಿಜವಾದ ಬಾಯಿಗೆ ಇಲ್ಲ ಸ್ವಾಮಿ" ಅಂದೆ.

ಭಾವಮೈದನ ಹೆಂಡತಿ ಸೆರಗೊಡ್ಡಿ ತಗೊಂಡಳು. ಊಟ ಆದ ಮೇಲೆ ಹಚ್ಚಿಕೊಂಡು ಬಂದು, "ಅಣ್ಣ, ಹೇಗಿದೆ?" ಅಂದಳು. ಸೇರಿತು ಅಂತ ನನಗೆ ಅನ್ನಿಸಿತು. ಚೆನ್ನಾಗಿದೆಯಮ್ಮ ಅಂದೆ.

ಮಾರನೇ ದಿನ ಕೆಲಸಕ್ಕೆ ಹೋದೆ. ಕನ್ನಡಿಯಿಂದ ನಿಮ್ಮ ಮುಖ ತೆಗೆಸಿಬಿಡಲಾ ಅಂತ ಮ್ಯಾನೇಜರಮ್ಮ ಕೇಳಿದರು. ಇರಲಿ ಅಂದೆ. ಒರೆಸೋಕೆ ಎದುರಿಗೆ ನಿಂತೆ.

ಕನ್ನಡಿ ಬೆಳಗಿತು. ಈ ಸಲ ಕೆಂಪು ಅಲ್ಲ. ಹಳದಿ ಮಿಶ್ರ ಗುಲಾಬಿ, ಮಿಣ ಮಿಣ ಅನ್ನುತ್ತಿತ್ತು. ಈ ವಸಂತದ್ದು. ಅವಳು ಹೋದ ಮೇಲೆ ತಯಾರಾದ ಬಣ್ಣ. ಕೆಳಗೆ ಅವಳ ಹೆಸರು.

ಹುಡುಗಿಯನ್ನು ಕರೆದೆ. ಅವಳು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ, "ಅಂಕಲ್, ಅದು ಕಂಪ್ಯೂಟರ್. ಹೊಸ ಸೀಸನ್ ಬಂದ್ರೆ ತಾನೇ ಚೂಸ್ ಮಾಡುತ್ತೆ" ಅಂದಳು.

ನಾನು ಇನ್ನೊಂದು ಸಲ ನೋಡಿಕೊಂಡೆ. ಮೀಸೆಯ ಕೆಳಗೆ ಮದುವೆಮನೆ ಸೀರಿಯಲ್ ಸೆಟ್ಟು ಹಾಕಿದ ಹಾಗೆ ಇತ್ತು.

"ಇಲ್ಲಮ್ಮ" ಅಂದೆ. "ಕಂಪ್ಯೂಟರ್ ಆಗಿದ್ದಿದ್ದರೆ ಒಪ್ಪೋ ಬಣ್ಣ ಹಚ್ಚುತ್ತಿತ್ತು. ಇದು ಯಾರೋ ನಗೋಕೆ ಅಂತಲೇ ಹಚ್ಚಿದ್ದು."