ಒಳಗೆ ಸರಿದ ಕೋಶ

ಕೈರ್ಕೆನ್‌ನ ಆ ದಿನದ ಪಾಡಿಗೆಲ್ಲ ಕಾರಣ ಒಂದು ಇಲಿಯ ಭ್ರೂಣ. ಸಾಸಿವೆಗಿಂತ ಸಣ್ಣದು, ಎಂಟೇ ಕೋಶಗಳದ್ದು. ಅವು ಒಡೆದು ಎರಡೆರಡಾಗುವಾಗ ಕೆಲವು ಒಳಕ್ಕೆ ಸರಿಯಬೇಕು. ಒಳಗೆ ಹೋದವು ಮರಿಯಾಗುತ್ತವೆ, ಹೊರಗುಳಿದವು ಅದನ್ನು ಪೋಷಿಸುವ ಮಾಸಾಗುತ್ತವೆ. ಆ ಸರಿಯುವ ಚಿತ್ರ ಇವತ್ತು ಸಿಕ್ಕರೆ ಅಲ್ಮಾಟಿಯ ನಮ್ಮ ಸಂಸ್ಥೆಯ ಏಕೈಕ ಒಳ್ಳೆಯ ಮೈಕ್ರೋಸ್ಕೋಪು ಇಲಿ ವಿಭಾಗದ ಕೈರ್ಕೆನ್‌ನದು. ಸಿಗದಿದ್ದರೆ ದನದ ವಿಭಾಗದ ರೌಶಾನ್‌ಳದು. ನಿರ್ದೇಶಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಕೈರ್ಕೆನ್‌ಗೆ ಕೂತಲ್ಲಿ ಕಾಲು ಕುಣಿಸುವ ಚಟ. ಮೇಜು ಅಲುಗುತ್ತದೆಂದು ಅವನನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚಿದ್ದಾಯಿತು. ಒಳಗಿನ ಚಿತ್ರ ಚಹಾ ಕೋಣೆಯ ಟೀವಿಯಲ್ಲಿ ಬರುತ್ತಿತ್ತು. ಅದನ್ನು ನೋಡಲು ಎದೆ ತಾಳದೆ, ಹೆಂಡತಿಯನ್ನು ಹೆರಿಗೆಗೆ ಸೇರಿಸಿದವನ ಹಾಗೆ, ಅವನು ಪಡಸಾಲೆಯಲ್ಲಿ ಶತಪಥ ಹಾಕತೊಡಗಿದ.

ಮೊದಲು ಓಡಿಬಂದವಳು ಚಹಾ ಮಾಡುವ ಉರ್ಕಿಯಾ ಅಜ್ಜಿ.

"ಸುಯಿನ್ಶಿ! ಸುಯಿನ್ಶಿ ಕೊಡೋ ಮಗನೇ!"

ಒಳ್ಳೆಯ ಸುದ್ದಿ ತಂದವರು ಹಾಗೆ ಕೂಗಿ ಉಡುಗೊರೆ ಕೇಳಿದರೆ ನಮ್ಮಲ್ಲಿ ಉತ್ತರ ಒಂದೇ. ಕೈರ್ಕೆನ್ ಅದನ್ನೇ ಹೇಳಿದ: "ಬೇಕಾದ್ದು ತಗೋ ಅಜ್ಜಿ!"

"ನಿನ್ನ ಎಂಟೂ ಕೋಶ ಒಂದನ್ನೊಂದು ತಬ್ಕೊಂಡು ಮುದ್ದೆ ಆಗಿದಾವೆ ಕಣೋ. ಯಾವುದು ಯಾವುದೂಂತ್ಲೇ ಗೊತ್ತಾಗ್ತಿಲ್ಲ!" ಎಂದವಳೇ ಅವನ ನರಿಚರ್ಮದ ಟೋಪಿ ಕಿತ್ತು ತನ್ನ ತಲೆಗೇರಿಸಿಕೊಂಡಳು.

ಆಮೇಲೆ ಪಕ್ಕದ ಮೇಜಿನ ಮೆಯ್ರಾಮ್ ಬಂದ. "ಸುಯಿನ್ಶಿ! ಒಂದು ಒಡೀತು! ಕೋಟು ಬಿಚ್ಚು!"

"ಒಂದೇ ತಾನೇ ಮಾರಾಯ?"

"ಒಂದಾದ್ರೇನು, ಸುದ್ದಿ ಸುದ್ದೀನೇ. ಬೇಗ ಬಿಚ್ಚು, ನಂಗೆ ಚಳಿ."

ಎರಡನೆಯದು ಒಡೆದಾಗ ಕಾವಲುಗಾರ ಬಂದು ಮಫ್ಲರ್ ಒಯ್ದ. ಮೂರನೆಯದಕ್ಕೆ ಊಟದ ಡಬ್ಬಿ ಹೋಯಿತು, ಅದರೊಳಗಿನ ಕುದುರೆ ಮಾಂಸದ ಸಮೇತ. ಕೋಶಗಳು ಹೆಚ್ಚುತ್ತಾ ಹೋದವು, ಕೈರ್ಕೆನ್ ಕಮ್ಮಿಯಾಗುತ್ತಾ ಹೋದ. ಆದರೂ ಅಯ್ಯೋ, ಸಂಜೆಯಾದರೂ ಒಂದೇ ಒಂದು ಕೋಶ ಒಳಗೆ ಹೋಗಲಿಲ್ಲ!

"ಎಲ್ಲಾ ಹೊಸ್ತಿಲಲ್ಲೇ ನಿಂತಿದಾವಪ್ಪ, ನಾಚಿಕೆ ಬೀಗರ ಹಾಗೆ," ಎಂದು ಅಜ್ಜಿ ಲೊಚಗುಟ್ಟಿದಳು.

ಅಷ್ಟರಲ್ಲಿ ಚಹಾ ಕೋಣೆಯಲ್ಲಿ ಹೋ ಎಂಬ ಗದ್ದಲ. ಎಲ್ಲರೂ ಒಟ್ಟಿಗೇ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡರು. ಮೊಣಕೈಯಲ್ಲಿ ತಿವಿದು ದಾರಿ ಮಾಡಿಕೊಂಡು ಮೊದಲು ಓಡಿಬಂದವಳು, ಬೇರಾರೂ ಅಲ್ಲ, ರೌಶಾನ್!

"ಸುಯಿನ್ಶಿ! ಒಳಗೆ ಸರೀತು! ಒಂದಲ್ಲ, ಎರಡು! ನಿರ್ದೇಶಕರು ಕಣ್ಣಾರೆ ನೋಡಿ ಒಪ್ಕೊಂಡ್ರು. ಮೈಕ್ರೋಸ್ಕೋಪು ನಿಂದೇ!"

ಕೈರ್ಕೆನ್‌ನ ಕಣ್ಣು ತುಂಬಿ ಬಂತು. ಸೋತವಳೇ ಗೆದ್ದ ಸುದ್ದಿ ತರುವುದೆಂದರೆ! ಎಂಥಾ ದೊಡ್ಡ ಮನಸ್ಸು!

"ಅಕ್ಕಾ! ಎಲ್ಲರೆದುರೂ ಹೇಳ್ತೀನಿ, ನನ್ನದು ಅಂತ ಇರೋದ್ರಲ್ಲಿ ಏನು ಬೇಕಾದ್ರೂ ತಗೋ!"

ರೌಶಾನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಗಿ, ಪ್ಯಾಂಟು, ಬೂಟು ಉಳಿದಿದ್ದವು.

"ಬಟ್ಟೆ ಬೇಡಪ್ಪ, ನಿನ್ನ ಮಾನ ನಿನಗಿರಲಿ. ಮೈಕ್ರೋಸ್ಕೋಪು ಕೊಡು, ಸಾಕು."

ಹಿಂದೆಯೇ ಬಂದಿದ್ದ ನಿರ್ದೇಶಕರು ಹೊಟ್ಟೆ ಹಿಡಿದು ನಗತೊಡಗಿದರು. "ಮಾತು ಕೊಟ್ಟಾಯ್ತಲ್ಲೋ ಕೈರ್ಕೆನ್! ನಾನೇನು ಮಾಡ್ಲಿ?"

ಕೊನೆಗೆ ಕೈರ್ಕೆನ್‌ಗೂ ನಗು ತಡೆಯಲಾಗಲಿಲ್ಲ. "ಅಕ್ಕಾ, ನನ್ನ ಮರಿ ಇನ್ನೂ ಅದರಲ್ಲೇ ಇದೆಯಲ್ಲೇ?"

"ಇರಲಿ ಬಿಡೋ, ನಾನು ನೋಡ್ಕೋತೀನಿ," ರೌಶಾನ್ ಅವನ ಬೆನ್ನು ತಟ್ಟಿದಳು. "ಏನಾದ್ರೂ ಒಳ್ಳೆ ಸುದ್ದಿ ಇದ್ರೆ ನಾನೇ ಓಡಿಬಂದು ಹೇಳ್ತೀನಲ್ಲ!"