ಹಡಗು ಬಾರದ ಊರಿನ ದೊರೆ

ನಮ್ಮ ಮನೆಯವರು ಒಂದು ಬಂದರು ಪಟ್ಟಣವನ್ನು ಆಳುತ್ತಿದ್ದರು. ಬಳ್ಳಾರಿಯಲ್ಲಿ ಕೂತು ಇದನ್ನು ಹೇಳಿದರೆ ಯಾರು ನಂಬುತ್ತಾರೆ? ಸಮುದ್ರ ಯಾವ ದಿಕ್ಕಿಗಿದೆ ಎಂದು ಕೇಳಿದರೆ ನಮ್ಮ ಓಣಿಯ ನಾಲ್ಕು ಜನ ನಾಲ್ಕು ಕಡೆ ಕೈ ತೋರಿಸುತ್ತಾರೆ. ನಾನೂ ನಂಬಿರಲಿಲ್ಲ. ನನ್ನ ಅನುಮಾನವೇ ಬೇರೆ ಇತ್ತು. ಈ ಮನುಷ್ಯನಿಗೆ ಸಿರುಗುಪ್ಪದಲ್ಲಿ ಇನ್ನೊಂದು ಸಂಸಾರ ಇದೆ ಎಂದುಕೊಂಡಿದ್ದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಇದ್ದಾಗ ಬಾಯಲ್ಲಿ ಹೇಳಿದವಳಲ್ಲ, ಹೋದ ಮೇಲೆ ಕಾಗದಕ್ಕೆ ಯಾಕೆ ಹೇಳಲಿ?

ಅವರಿಗೆ ಕಾಲುವೆ ಇಲಾಖೆಯಲ್ಲಿ ಕೆಲಸ. ವಾರಕ್ಕೆ ಆರು ದಿನ ದಂಡೆಯ ಮೇಲೆ ನಡೆಯಬೇಕು, ನೀರು ಎಷ್ಟಿದೆ, ಹೂಳು ಎಷ್ಟು ತುಂಬಿದೆ ಎಂದು ಅಳೆದು ಬರೆಯಬೇಕು. ಏಳನೆಯ ದಿನವಾದರೂ ಮನೆಯಲ್ಲಿ ಇರಬೇಕಲ್ಲ? ಎಪ್ಪತ್ತರ ದಶಕದ ಮೊದಲಲ್ಲಿ ಇದ್ದಕ್ಕಿದ್ದಂತೆ ಶುರುವಾಯಿತು. ಭಾನುವಾರ ಉಂಡು, ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಂಡು, ಸಿರುಗುಪ್ಪದ ಬಸ್ಸು ಹತ್ತುತ್ತಿದ್ದರು. ಹೂಳು ನೋಡಲು ಯಾರಾದರೂ ತಲೆ ಬಾಚಿಕೊಂಡು ಹೋಗುತ್ತಾರೆಯೇ?

ಆಗ ನಾನು ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ನಮ್ಮ ಮಗು ಮೂರು ತಿಂಗಳಿಗೇ ಹೋಗಿತ್ತು. ಅದಾಗಿ ಎರಡು ವರ್ಷ ನಾನು ಹೊಸ್ತಿಲು ದಾಟಿರಲಿಲ್ಲ. ಕಾಯಿಪಲ್ಲೆಯನ್ನೂ ಅವರೇ ತರುತ್ತಿದ್ದರು. ಒಳಗೇ ಕೂತವಳಿಗೆ ಅನುಮಾನಪಡಲು ಬೇಕಾದಷ್ಟು ಪುರುಸೊತ್ತು ಇತ್ತು.

ಅವರದೊಂದು ಟ್ರಂಕು ಇತ್ತು. ಅದರ ಕೀಲಿಕೈ ಅವರ ಉಡಿದಾರದಲ್ಲಿ. ಸ್ನಾನಕ್ಕೆ ಹೋದರೂ ಅದು ಅವರ ಜೊತೆಗೇ.

“ಟ್ರಂಕಿನ್ಯಾಗ ಏನೈತ್ರಿ?”

“ಒಂದು ಊರು ಐತಿ.”

“ಯಾವ ಊರು?”

“ನೀ ನೋಡಿಲ್ಲ ಬಿಡು.”

ನಾನು ನೋಡದ ಊರು, ಅದಕ್ಕೊಂದು ಬೀಗ. ಇನ್ನೇನು ಸಾಕ್ಷಿ ಬೇಕು?

ಬೇಕೆಂದರೆ ಅದೂ ಸಿಕ್ಕಿತು. ಒಗೆಯುವ ಮೊದಲು ಅಂಗಿಯ ಜೇಬು ನೋಡುವುದು ನನ್ನ ಅಭ್ಯಾಸ. ಒಮ್ಮೆ ಅವರ ಬಸ್ ಪಾಸು ನೀರಿಗೆ ಬಿದ್ದಾಗ ಅವರೇ ಕಲಿಸಿದ ಅಭ್ಯಾಸ. ಜೇಬಿನಲ್ಲಿ ಒಂದು ಚೀಟಿ ಇತ್ತು: “ಮಹಾರಾಣಿ ನಾಲ್ಕು ದಿನದಿಂದ ಮಾತಾಡಿಲ್ಲ. ಭಾನುವಾರ ಮಲ್ಲಿಗೆ ಒಯ್ಯಬೇಕು.”

ಮಲ್ಲಿಗೆ ವಾಸನೆಗೆ ನನಗೆ ತಲೆನೋವು ಬರುತ್ತದೆ. ಅದು ನಮ್ಮ ಮನೆಯೊಳಗೆ ಬಂದದ್ದೇ ಇಲ್ಲ. ಹಾಗಿದ್ದರೆ ಆ ಹೂವು ಯಾರ ತಲೆಗೆ?

ಕುರುಗೋಡಿನಲ್ಲಿದ್ದ ನನ್ನ ಅಣ್ಣನಿಗೆ ಕಾರ್ಡು ಬರೆದೆ. ಪೋಸ್ಟ್‌ಮನ್ ಓದಿದರೆ ಮಾನ ಹೋಗುತ್ತದೆಂದು “ಆಕಳು ತಪ್ಪಿಸಿಕೊಂಡಿದೆ, ಬೇಗ ಬಾ” ಎಂದಷ್ಟೇ ಬರೆದೆ. ಅಣ್ಣ ಹಗ್ಗ ತೆಗೆದುಕೊಂಡು ಬಂದ. ನಮ್ಮ ಮನೆಯಲ್ಲಿ ಆಕಳೇ ಇಲ್ಲವೆಂಬುದು ಬಳ್ಳಾರಿಯಲ್ಲಿ ಬಸ್ಸು ಇಳಿದ ಮೇಲೆ ಅವನಿಗೆ ನೆನಪಾಯಿತಂತೆ.

ಚೀಟಿಯನ್ನು ಎರಡು ಸಲ ಓದಿ ಕೇಳಿದ, “ಯಾರವ್ವಾ ತಂಗೀ ಇಕಿ, ಮಹಾರಾಣಿ?”

“ಗೊತ್ತಿದ್ರ ನಿನ್ನ ಯಾಕ ಕರಸ್ತಿದ್ದೆ?”

“ನಡಿ, ನೋಡೇ ಬಿಡೋಣು.”

ಆ ಭಾನುವಾರ ಎರಡು ವರ್ಷದ ಮೇಲೆ ಚಪ್ಪಲಿ ಹುಡುಕಿದೆ. ಅಟ್ಟದ ಮೇಲೆ ಸಿಕ್ಕವು. ಬಸ್ಸಿನಲ್ಲಿ ಅವರು ಮುಂದೆ, ನಾವು ಕೊನೆಯ ಸೀಟಿನಲ್ಲಿ. ನಾನು ಸೆರಗು ಮೂಗಿನವರೆಗೆ ಎಳೆದುಕೊಂಡಿದ್ದೆ. ಅಣ್ಣನ ಕೈಯಲ್ಲಿ ಹಗ್ಗ ಹಾಗೇ ಇತ್ತು. “ಇದು ಯಾಕ?” ಎಂದರೆ, “ಇರ್ಲಿ, ಬೇಕಾಗ್ತೈತಿ” ಎಂದ. ಯಾರನ್ನು ಕಟ್ಟುವವನಿದ್ದನೋ, ನಾನು ಕೇಳಲಿಲ್ಲ.

ಸಿರುಗುಪ್ಪದಲ್ಲಿ ಇಳಿದವರು ಊರೊಳಗೆ ಹೋಗಲಿಲ್ಲ, ನದಿಯ ಕಡೆ ನಡೆದರು. ಕೈಯಲ್ಲಿ ಮಲ್ಲಿಗೆಯೂ ಇರಲಿಲ್ಲ. ನಾವು ಜಾಲಿಗಿಡದ ಹಿಂದೆ ನಿಂತೆವು. ದಂಡೆಯಲ್ಲಿ ಇದ್ದವನು ಹರಿಗೋಲು ಹಾಕುವ ಮುದುಕನೊಬ್ಬನೇ.

“ಅಜ್ಜಾ, ಹೂಳು ತುಂಬಿ ಹರಿಗೋಲು ದಂಡಿಗೆ ಬರದಂಗ ಆದ್ರ ಏನ್ ಮಾಡ್ತಿ?”

“ಇಳದು ಎಳೀತೀನ್ರಿ.”

“ಎಳಿಯಾಕೂ ನೀರಿಲ್ಲಂದ್ರ?”

“ಹಂಗಾದ್ರ ನಾ ಯಾಕ ಬೇಕ್ರಿ? ನಡಕೊಂಡ ದಾಟ್ರಿ.”

ನಮ್ಮ ಮನೆಯವರು ಅದನ್ನು ಗಂಭೀರವಾಗಿ ಬರೆದುಕೊಂಡರು. ಅಷ್ಟರಲ್ಲಿ ಮುದುಕನ ಕಣ್ಣು ನಮ್ಮ ಕಡೆ ತಿರುಗಿತು.

“ಸಾಹೇಬ್ರ, ಆ ಜಾಲಿಗಿಡದ ಹಿಂದ ಒಬ್ಬಾಕಿ ಹೆಣ್ಮಗಳು, ಒಬ್ಬಾಂವ ಹಗ್ಗ ಹಿಡದಾಂವ, ನಿಮ್ಮನ್ನ ನೋಡಾಕತ್ತಾರ.”

ಇವರು ತಿರುಗಿಯೂ ನೋಡಲಿಲ್ಲ. “ನಮ್ಮ ಮನಿಯಾಕಿ. ಬಿಸಲಾಗ ನಿಂತಾಳ, ಒಂದು ಚರಿಗಿ ನೀರು ಕೊಟ್ಟು ಬಾ.”

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದರು. ಟ್ರಂಕಿನಲ್ಲಿರುವುದು ಅವರೇ ಬರೆಯುತ್ತಿರುವ ಕಥೆ. ಒಂದು ಬಂದರು, ಅದನ್ನು ಐದು ತಲೆಮಾರು ಆಳಿದ ದೊರೆಗಳ ಮನೆತನ. ಬಂದರಿಗೆ ಹೂಳು ತುಂಬುತ್ತ ಬಂದಿದೆ, ಹಡಗುಗಳು ಬರುವುದು ನಿಂತಿದೆ. ಆದರೂ ದಿನಾ ಬೆಳಗ್ಗೆ ಅರಮನೆಯ ವಾದ್ಯದವರು ಹಡಗನ್ನು ಎದುರುಗೊಳ್ಳಲು ಹೋಗುತ್ತಾರೆ, ಮಧ್ಯಾಹ್ನದ ತನಕ ಕಾದು ಊಟಕ್ಕೆ ಬರುತ್ತಾರೆ.

“ಈ ಊರು ಎಲ್ಲೈತಿ?” ಎಂದ ಅಣ್ಣ.

“ಎಲ್ಲೂ ಇಲ್ಲ.”

“ಇಲ್ಲದ ಊರಿಗೆ ಹೂಳು ಯಾಕ ತುಂಬಿಸಿದ್ರಿ? ಬೇಕಾದಷ್ಟು ನೀರು ಬಿಡಬಹುದಿತ್ತಲ್ಲ?”

“ನನಗ ಹೂಳು ಗೊತ್ತು. ಸಮುದ್ರ ನಾ ಎಲ್ಲಿ ನೋಡೀನಿ?”

ಅಣ್ಣನಿಗೆ ಅಷ್ಟು ಸಾಕಾಯಿತು. ಹಗ್ಗ ಸುತ್ತಿಕೊಂಡು ಕುರುಗೋಡಿಗೆ ಹೋದ. ನನಗೆ ಸಾಕಾಗಲಿಲ್ಲ. ಊರು ಸುಳ್ಳಿರಬಹುದು, ಮಲ್ಲಿಗೆ?

“ಆ ರಾಣಿ ಯಾರ್ರಿ?”

“ರಾಣಿ ಅಂದ್ರ ರಾಣಿ.”

ಬಾಯಿ ಬಿಡದ ಗಂಡನನ್ನು ಹೆಂಡತಿ ಏನು ಮಾಡಬೇಕು? ಹಿಂಬಾಲಿಸಬೇಕು. ಮುಂದಿನ ಭಾನುವಾರವೂ ಹೋದೆ. ಅದರ ಮುಂದಿನದೂ. ಅನುಮಾನ ಸ್ವಲ್ಪ ತಣ್ಣಗಾಯಿತು ಅನ್ನುವಷ್ಟರಲ್ಲಿ ಜೇಬಿನಲ್ಲಿ ಇನ್ನೊಂದು ಚೀಟಿ: “ರಾಣಿಗೆ ಸಂಗನಕಲ್ಲಿನ ಗುಡ್ಡ ತೋರಿಸಬೇಕು.” ನಾನು ಗುಡ್ಡಕ್ಕೂ ಹೋದೆ. ಕುರುಗೋಡಿನ ಗುಡಿಗೆ ಹೋದೆ. ಮೊದಲು ಐವತ್ತು ಹೆಜ್ಜೆ ಹಿಂದೆ ಇರುತ್ತಿದ್ದೆ. ಆಮೇಲೆ ಹತ್ತು ಹೆಜ್ಜೆ. ದಾರಿಯಲ್ಲಿ ಕಾಯಿಪಲ್ಲೆ ಕೊಳ್ಳತೊಡಗಿದೆ, ಹರಿಗೋಲಿನ ಅಜ್ಜನ ಹೆಂಡತಿಯ ಪರಿಚಯವಾಯಿತು. ವರ್ಷಗಳು ಕಳೆದಂತೆ ಮೊಣಕಾಲು ನೋವು ಬಂತು. ಕಡೆಕಡೆಗೆ ಒಂದೇ ಸೀಟಿನಲ್ಲಿ ಪಕ್ಕದಲ್ಲೇ ಕೂತು ಹಿಂಬಾಲಿಸುತ್ತಿದ್ದೆ. ಆದರೆ ಅನುಮಾನ ಬಿಟ್ಟಿರಲಿಲ್ಲ. ಟಿಕೀಟು ಯಾವಾಗಲೂ ಅವರೇ ತೆಗೆಸುತ್ತಿದ್ದರು.

ಈ ಸಲದ ಶಿವರಾತ್ರಿಗೆ ಮೊದಲು ಅವರು ಹೋದರು. ಉಡಿದಾರದ ಕೀಲಿಕೈಯನ್ನು ಅಣ್ಣ ಬಿಚ್ಚಿ ನನ್ನ ಕೈಗೆ ಕೊಟ್ಟ. ಟ್ರಂಕು ತೆಗೆಯಲು ನನಗೆ ಒಂದು ತಿಂಗಳು ಬೇಕಾಯಿತು. ಆ ರಾಣಿ ಯಾರೆಂದು ಗೊತ್ತಾಗಿಬಿಡುತ್ತದಲ್ಲ ಎಂಬ ಭಯ.

ಒಳಗೆ ಮೂರು ಉದ್ದನೆಯ ನೋಟುಬುಕ್ಕುಗಳಿದ್ದವು. ನಾನು ಏಳನೇ ಇಯತ್ತೆ ಓದಿದವಳು, ನಿಧಾನಕ್ಕೆ ಓದಿದೆ. ಎರಡನೆಯದರ ನಡುವೆ ಹೀಗಿತ್ತು:

“ರಾಜಕುಮಾರ ತೀರಿಕೊಂಡ ಮೇಲೆ ರಾಣಿ ಅರಮನೆಯ ಹೊಸ್ತಿಲು ದಾಟಲಿಲ್ಲ. ವೈದ್ಯರು ಹೇಳಿ ನೋಡಿದರು, ಬಂಧುಗಳು ಕರೆದು ನೋಡಿದರು. ಆಗ ದೊರೆ ಒಂದು ಚೀಟಿ ಬರೆದು ಅವಳ ಕೈಗೆ ಸಿಗುವ ಕಡೆ ಇಟ್ಟ. ಮಲ್ಲಿಗೆ ಅವಳಿಗೆ ಆಗುವುದಿಲ್ಲ, ಅದಕ್ಕೇ ಮಲ್ಲಿಗೆ ಎಂದು ಬರೆದ. ಆಮೇಲೆ ತಲೆ ಬಾಚಿಕೊಂಡು ಬಂದರಿಗೆ ಹೊರಟ. ಅಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ. ಹಿಂದೆ ಚಪ್ಪಲಿಯ ಸದ್ದು ಕೇಳಿತು. ತಿರುಗಿ ನೋಡಿದರೆ ಅವಳು ಮನೆಗೆ ಹೋಗಿಬಿಡುತ್ತಾಳೆಂದು ನೋಡದೆ ನಡೆದ.”

ಮೊನ್ನೆ ಭಾನುವಾರ ಉಂಡು, ತಲೆ ಬಾಚಿಕೊಂಡು, ಒಬ್ಬಳೇ ಸಿರುಗುಪ್ಪದ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಕೂತೆ. ಇಳಿದು ನದಿಯ ಕಡೆ ನಡೆದೆ. ದಾರಿಯುದ್ದಕ್ಕೂ ಹಿಂದೆ ಯಾರೋ ಇದ್ದಾರೆಂಬ ಅನುಮಾನ.

ತಿರುಗಿ ನೋಡಲಿಲ್ಲ. ನೋಡಿದರೆ ಅವರು ಹೋಗಿಬಿಡುತ್ತಾರೆ.